ಅಂಟಿನುಂಡೆಯ ಡಬ್ಬಿ

ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಯಿಂದ ಮಹಾಂತೇಶ ನಗರದ ನನ್ನ ಶಾಲೆಯವರೆಗೆ ಎಲ್ಲೆಲ್ಲಿ ಶೌಚಾಲಯಗಳಿವೆ, ಯಾವುದಕ್ಕೆ ಚಿಲಕವಿಲ್ಲ, ಯಾವುದರ ಕೀಲಿ ಯಾರ ಹತ್ತಿರ ಇರುತ್ತದೆ ಎಂಬುದು ನನಗೆ ಗೊತ್ತಾಗಿದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಗೊತ್ತಾಗದಿದ್ದರೂ ನಡೆಯುತ್ತಿತ್ತು.

ಒಂದು ಬೆಳಗ್ಗೆ ಹೊಟ್ಟೆ ಹಿಡಿದುಕೊಂಡು ಬಿದ್ದೆ. ಸಣ್ಣ ಕರುಳು ತಿರುಚಿಕೊಂಡು, ರಕ್ತ ಹರಿಯದೆ ಕಪ್ಪಾಗಿತ್ತಂತೆ. ಅರ್ಧಕ್ಕಿಂತ ಹೆಚ್ಚು ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಕೂಡಿಸಿ ಹೊಲಿದರು. ಬದುಕಿಕೊಂಡೆ. ನೋಡಲು ಬಂದವರೆಲ್ಲ ಅಲ್ಲಿಗೆ ಕತೆ ಮುಗಿಯಿತೆಂದು ಬಾಳೆಹಣ್ಣು ಇಟ್ಟು ಹೋದರು. ನನ್ನದು ಶುರುವಾದದ್ದೇ ಆಮೇಲೆ. ತಿಂದದ್ದು ನಿಲ್ಲುತ್ತಿರಲಿಲ್ಲ. ದಿನಕ್ಕೆ ಹತ್ತು ಹನ್ನೆರಡು ಸಲ ಓಡಬೇಕು. ಸುಸ್ತು ಎಂಬ ಮಾತನ್ನು ಅಲ್ಲಿಯವರೆಗೆ ನಾನು ಸುಮ್ಮನೆ ಬಳಸುತ್ತಿದ್ದೆ ಅನ್ನಿಸಿತು. ಅಂಗಿಯ ಗುಂಡಿ ಹಾಕಿಕೊಂಡು, ಅಷ್ಟಕ್ಕೇ ದಣಿದು ಮಂಚದ ಮೇಲೆ ಕೂರುತ್ತಿದ್ದೆ.

"ಉಳದ ಕರಳು ಈಗ ಇಬ್ಬರ ಕೆಲಸಾ ಒಬ್ಬನ ಮಾಡಬೇಕಾಗೇತ್ರಿ ಸರ್," ಎಂದರು ಡಾಕ್ಟರು. "ಅದು ಕಲೀತೈತಿ. ಒಳಗಿನ ಪದರ ದಪ್ಪ ಆಗ್ತೈತಿ, ಹೀರಿಕೊಳ್ಳೂ ಶಕ್ತಿ ಹೆಚ್ಚಾಗ್ತೈತಿ. ಆದ್ರ ವರ್ಷ ಬೇಕು, ಎರಡು ವರ್ಷನೂ ಹಿಡೀಬಹುದು. ಗಡಬಡಿ ಮಾಡಬ್ಯಾಡ್ರಿ." ಊಟ ಬಿಟ್ಟರೆ ಕರುಳು ಕಲಿಯುವುದಿಲ್ಲ, ಸ್ವಲ್ಪಸ್ವಲ್ಪವಾಗಿ ಆರು ಸಲ ಉಣ್ಣಬೇಕು. ಮೆತ್ತಗಿನ ಅನ್ನ, ಚೂರು ಉಪ್ಪು. ಊಟದ ಜೊತೆ ನೀರು ಬೇಡ. ನಡುನಡುವೆ ಉಪ್ಪು ಸಕ್ಕರೆ ಅಳತೆ ಮಾಡಿ ಬೆರೆಸಿದ ನೀರನ್ನು ಗುಟುಕರಿಸಬೇಕು. ತುಪ್ಪ, ಸಿಹಿ, ಕೊಬ್ಬರಿ, ಕಾಳು ಸದ್ಯಕ್ಕೆ ದೂರ. ಇಪ್ಪತ್ತೇಳು ವರ್ಷ ಹುಡುಗರಿಗೆ ಕನ್ನಡ ಕಲಿಸಿದವನು ನಾನು. ನನ್ನ ಕರುಳೇ ಕೊನೆಯ ಬೆಂಚಿನಲ್ಲಿ ಕುಳಿತಿದೆ ಎಂದುಕೊಂಡೆ. ನಗು ಬರಲಿಲ್ಲ.

ಆಗ ಖಾನಾಪುರದಿಂದ ಅಕ್ಕ ಬಂದಳು. ನಾನು ನಾಲ್ಕು ವರ್ಷದವನಿದ್ದಾಗ ಅವ್ವ ತೀರಿಕೊಂಡಳು. ಹನ್ನೆರಡು ವರ್ಷ ದೊಡ್ಡವಳಾದ ಅಕ್ಕನೇ ನನ್ನನ್ನು ಬೆಳೆಸಿದ್ದು. ಮದುವೆಯಾಗಿ ಖಾನಾಪುರಕ್ಕೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದಳು. ಅವಳಿಗೆ ಮಕ್ಕಳಾಗಲಿಲ್ಲ. ಆದರೆ ಓಣಿಯಲ್ಲಿ ಯಾರೇ ಹೆರಲಿ, ಕನ್ನಡದವರಿರಲಿ ಮರಾಠಿಯವರಿರಲಿ, ಬಾಣಂತಿಗೆ ಅಂಟಿನುಂಡೆ ಕಟ್ಟುವವಳು ಅಕ್ಕನೇ. ತುಪ್ಪದಲ್ಲಿ ಅರಳಿಸಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ. ತಾನು ಮಾತ್ರ ಒಂದನ್ನೂ ಬಾಯಿಗೆ ಹಾಕಿದವಳಲ್ಲ. "ಅದು ಬಾಣಂತಿ ತಿನ್ನೂದು. ನಾ ಎಲ್ಲಿ ಆಗೀನಿ?" ಎನ್ನುತ್ತಿದ್ದಳು.

ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ ಸ್ಟೀಲ್ ಡಬ್ಬಿಯನ್ನು ಅವಳು ನನ್ನ ಮುಂದೆ ತೆರೆದಳು. ಏಳು ಉಂಡೆ.

"ಅಕ್ಕಾ, ಇದೇನು?"

"ಹೊಟ್ಟಿ ಕೊಯ್ದಾರೋ ಇಲ್ಲೋ?"

"ಕೊಯ್ದಾರ."

"ಮತ್ತ? ಹೊಟ್ಟಿ ಕೊಯ್ದ ಮ್ಯಾಲ ಗಂಡಸಾದ್ರೇನು, ಹೆಂಗಸಾದ್ರೇನು? ಬಾಣಂತಿ ಬಾಣಂತಿನ."

ಫ್ಯಾನ್ ಆರಿಸಿದಳು. ನನ್ನ ಕಿವಿಗೆ ಹತ್ತಿ ಇಟ್ಟು ತಲೆಗೆ ಮಫ್ಲರ್ ಕಟ್ಟಿದಳು. ಹೆಂಡತಿ ಅಡುಗೆಮನೆಗೆ ಹೋಗಿ ನಕ್ಕು ಬಂದಳು. ನಾನು ಉಂಡೆ ತಿಂದೆ. ಡಾಕ್ಟರು ಬೇಡವೆಂದ ತುಪ್ಪ, ಸಿಹಿ, ಕೊಬ್ಬರಿ ಎಲ್ಲ ಅದರಲ್ಲಿ ಒಟ್ಟಿಗೇ ಇತ್ತು. ಆದರೂ ತಿಂದೆ, ಯಾಕೆಂದರೆ ಅಕ್ಕ ಎದುರಿಗೆ ಕುಳಿತಿದ್ದಳು ಮತ್ತು ಅವಳು ಕೊಟ್ಟದ್ದನ್ನು ಬೇಡ ಎನ್ನುವ ಅಭ್ಯಾಸ ನನಗೆ ಹುಟ್ಟಿನಿಂದಲೇ ಇಲ್ಲ. ಅರ್ಧ ತಾಸಿನಲ್ಲಿ ಓಡಿದೆ. ಹೆಂಡತಿಗೆ, "ಡಾಕ್ಟರು ದಿನಕ್ಕ ಒಂದೆರಡು ತಿನ್ನಬಹುದು ಅಂದಾರ" ಎಂದು ಸುಳ್ಳು ಹೇಳಿದೆ. ದಿನಕ್ಕೊಂದರಂತೆ ತಿಂದೆ, ದಿನವೂ ಓಡಿದೆ.

ನಮ್ಮಲ್ಲಿ ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವುದಿಲ್ಲ. ಹೆಂಡತಿ ಡಬ್ಬಿ ತೊಳೆದು, ಒಂದು ಹಿಡಿ ಸಕ್ಕರೆ ಹಾಕಿ, ವಾರಕ್ಕೊಮ್ಮೆ ಬಂದುಹೋಗುವ ಅಕ್ಕನಿಗೆ ಹಿಂದಿರುಗಿಸುತ್ತಿದ್ದಳು. ಉಂಡೆಯೆಲ್ಲ ಖರ್ಚಾದದ್ದು ನೋಡಿ ಅಕ್ಕ ಮುಂದಿನ ವಾರ ಹತ್ತು ತಂದಳು. ಅವನ್ನೂ ಮುಗಿಸಿದೆ. ಹೀಗೆ ಎರಡೂವರೆ ತಿಂಗಳು ನಡೆಯಿತು.

ಅರವತ್ತೇಳು ಕಿಲೋ ಇದ್ದವನು ಐವತ್ತೊಂದಕ್ಕೆ ಇಳಿದಿದ್ದೆ. ಡಾಕ್ಟರು ತಕ್ಕಡಿ ನೋಡಿದರು, ನನ್ನನ್ನು ನೋಡಿದರು. "ಇನ್ನೆರಡು ಕಿಲೋ ಇಳೀತಂದ್ರ ಮತ್ತ ಅಡ್ಮಿಟ್ ಮಾಡ್ಕೋಬೇಕಾಗ್ತೈತ್ರಿ. ಕುತ್ತಿಗಿ ನರಕ್ಕ ನಳಿಗಿ ಹಾಕಿ ಅದರಾಗ ಆಹಾರ ಕೊಡಬೇಕಾಗ್ತೈತಿ. ಸಾಲಿ ಮರತ ಬಿಡ್ರಿ. ಏನೇನು ತಿಂತೀರಿ, ಖರೇ ಹೇಳ್ರಿ."

ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಪಕ್ಕದಲ್ಲಿದ್ದ ಹೆಂಡತಿಯೂ ಕೇಳಿಸಿಕೊಂಡಳು. ಆಟೋ ಇಳಿದು ಮನೆ ಬಾಗಿಲಿಗೆ ಬಂದವಳೇ, "ಅಕ್ಕಾರಿಗೆ ಇವತ್ತ ಫೋನ್ ಮಾಡಿ ಹೇಳ್ರಿ. ಇಲ್ಲಾಂದ್ರ ನಾ ಹೇಳ್ತೀನಿ," ಎಂದಳು.

ಫೋನಿನಲ್ಲಿ ಎಲ್ಲವನ್ನೂ ಕೇಳಿ ಅಕ್ಕ "ಹಂಗೇನು" ಎಂದಳು. ಅಷ್ಟೇ. ಆ ವಾರ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ನನಗೆ ಸಿಟ್ಟು ಬಂತು. ಸಾಯುವ ಹಂತಕ್ಕೆ ಬಂದವನು ನಾನು, ಮುನಿಸು ಅವಳಿಗೆ! ಹದಿನೈದು ದಿನವಾದ ಮೇಲೆ ತಡೆಯಲಾರದೆ ಒಬ್ಬನೇ ರೈಲು ಹತ್ತಿದೆ. ನಡುದಾರಿಯ ದೇಸೂರ ನಿಲ್ದಾಣ ಬರುವ ಮೊದಲೇ ಹೊಟ್ಟೆ ಗುಡುಗಿತು. ಬೋಗಿಯ ಶೌಚಾಲಯದಲ್ಲಿ ಯಾರೋ ಇದ್ದರು, ಬಡಿದೆ, ತೆಗೆಯಲಿಲ್ಲ. ದೇಸೂರಿನಲ್ಲಿ ಇಳಿಯುವಷ್ಟರಲ್ಲಿ ಪ್ಯಾಂಟು ಹಾಳಾಗಿತ್ತು. ನಳದಲ್ಲಿ ತೊಳೆದುಕೊಂಡು, ಒದ್ದೆ ಬಟ್ಟೆಯಲ್ಲೇ ಬೆಂಚಿನ ಮೇಲೆ ಕುಳಿತು ಅತ್ತೆ. ಅಕ್ಕನ ಊರಿಗೆ ಇನ್ನರ್ಧ ದಾರಿಯಷ್ಟೇ ಉಳಿದಿತ್ತು. ಆ ಅವತಾರದಲ್ಲಿ ಹೋಗಲಾಗದೆ, ತಿರುಗಿ ಬೆಳಗಾವಿಯ ಕಡೆ ಹೊರಟ ರೈಲು ಹತ್ತಿದೆ.

ಮರುವಾರ ಅಕ್ಕ ತಾನಾಗಿಯೇ ಬಂದಳು. ಕುಳಿತುಕೊಳ್ಳದೆ ನಿಂತೇ ಮಾತಾಡಿದಳು.

"ನಿನ್ನ ಹೊಟ್ಟ್ಯಾಗ ಏನ್ ನಡದೈತಿ ಅಂತ ನನಗ ಹೆಂಗ ಗೊತ್ತಾಗಬೇಕೋ? ಉಂಡಿ ಖಾಲಿ ಆಗತಿದ್ವು, ತಮ್ಮಗ ಹಸಿವಿ ಬಂದೈತಿ ಅಂತ ಖುಷಿಲೇ ಇನ್ನೂ ಮೂರು ಹೆಚ್ಚ ಕಟ್ಟೀನಿ. ನನ್ನ ಕೈಲೇ ಸಾಯಬೇಕು ಅಂತ ಮಾಡಿದ್ದೇನು?"

ಅವಳು ಕಣ್ಣು ಒರೆಸಿಕೊಂಡು ಅದೇ ಡಬ್ಬಿ ತೆರೆದಳು. ಉಪ್ಪು ಹಾಕಿ ಮೆತ್ತಗೆ ಬೇಯಿಸಿ ಹಿಸುಕಿದ ಬಟಾಟೆ, ಒಂದು ಪೊಟ್ಟಣ ಚುರುಮುರಿ. ಖಾನಾಪುರದ ದವಾಖಾನೆಯ ನರ್ಸ್ ಹತ್ತಿರ ಕೂತು ಕೇಳಿಕೊಂಡು ಬಂದಿದ್ದಳಂತೆ. "ಇನ್ನ ಮ್ಯಾಲ ನಿನಗ ಸೇರಲಿಲ್ಲಂದ್ರ ಡಬ್ಬ್ಯಾಗ ಹಂಗ ಬಿಟ್ಟು ಕಳಸು. ಸಕ್ರಿ ಹಾಕಬ್ಯಾಡ್ರಿ," ಎಂದು ಹೆಂಡತಿಗೂ ತಾಕೀತು ಮಾಡಿದಳು.

ಆಮೇಲೆ ಡಬ್ಬಿ ಸತ್ಯವನ್ನೇ ಹೇಳಿತು. ಉಳಿದದ್ದನ್ನು ನೋಡಿ ಅಕ್ಕ ಮುಂದಿನ ವಾರದ ಅಡುಗೆ ಬದಲಿಸುತ್ತಿದ್ದಳು. ಹೆಸರುಬೇಳೆ ಆರು ತಿಂಗಳು ಹಾಗೇ ವಾಪಸು ಹೋಯಿತು, ಏಳನೆಯ ತಿಂಗಳು ಹೊಟ್ಟೆಯಲ್ಲಿ ನಿಂತಿತು. ಓಡುವುದು ಹತ್ತು ಸಲದ್ದು ಏಳಾಯಿತು, ಐದಾಯಿತು. ಒಂದು ಜ್ವರ ಬಂದು ಮತ್ತೆ ಒಂಬತ್ತಾಯಿತು. ಬೇಸರ ಬಂದು ಒಂದು ದಿನ ಅನ್ನದ ತಾಟು ದೂಡಿದ್ದೂ ಇದೆ. ಶಾಲೆಗೆ ಮರಳಿದಾಗ ಶೌಚಾಲಯದ ಪಕ್ಕದ ಕೋಣೆಯನ್ನೇ ಕೇಳಿ ಪಡೆದೆ. ನಲವತ್ತು ನಿಮಿಷದ ಒಂದು ಪಿರಿಯಡ್ ಪೂರ್ತಿ ನಿಂತು ಪಾಠ ಮಾಡಿದ ದಿನ ಮನೆಗೆ ಬಂದು ಸಂಜೆಯವರೆಗೆ ಮಲಗಿದೆ.

ಒಂದೂವರೆ ವರ್ಷದ ಮೇಲೆ, ಐವತ್ತೊಂಬತ್ತು ಕಿಲೋ ಆದಾಗ, ಮತ್ತೆ ಖಾನಾಪುರದ ರೈಲು ಹತ್ತಿದೆ. ದೇಸೂರಿನಲ್ಲಿ ರೈಲು ನಿಂತಾಗ ಬೆವರಿದೆ. ಇಳಿಯಲಿಲ್ಲ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಒಂದು ಪ್ಲೇಟಿನಲ್ಲಿ ನಿಂಬೆಹಣ್ಣಿನಷ್ಟು ಚಿಕ್ಕ ಅಂಟಿನುಂಡೆ, ಒಂದೇ ಒಂದು. "ಡಾಕ್ಟರ್ ಏನಂತಾರ?" ಎಂದು ಕೇಳಿದಳು. ಸ್ವಲ್ಪ ತಿಂದು ನೋಡಬಹುದು ಅಂದಿದ್ದಾರೆ ಎಂದೆ. ಈ ಸಲ ಅದು ನಿಜವಾಗಿತ್ತು. ಅರ್ಧ ತಿಂದೆ. ಇಬ್ಬರೂ ಗೋಡೆಯ ಗಡಿಯಾರ ನೋಡುತ್ತಾ ಕುಳಿತೆವು. ಅರ್ಧ ತಾಸು ಕಳೆಯಿತು, ಒಂದು ತಾಸು ಕಳೆಯಿತು. ಏನೂ ಆಗಲಿಲ್ಲ. ಅಕ್ಕ ಉಳಿದ ಅರ್ಧವನ್ನು ನನ್ನ ಕಡೆ ಸರಿಸಿದಳು.

"ಸಾಕಕ್ಕಾ," ಎಂದೆ. ಅವಳ ಮುಖ ನೋಡಿಕೊಂಡು ಹಾಗೆ ಅಂದದ್ದು ಅದೇ ಮೊದಲು.

ಅಕ್ಕ ಆ ಅರ್ಧವನ್ನು ಎತ್ತಿಕೊಂಡಳು. ಡಬ್ಬಿಗೆ ಹಾಕುತ್ತಾಳೆ ಅಂದುಕೊಂಡೆ. ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು.

"ತುಪ್ಪ ಭಾಳ ಆಗೇತಲ್ಲೋ," ಎಂದಳು. "ಇಷ್ಟ ವರ್ಷ ಕಟ್ಟಿ ಕೊಟ್ಟೀನಿ, ಯಾರೂ ಹೇಳೇ ಇಲ್ಲ ನೋಡು."