ಮೊಣಕೈ ನಲ್ಲಿ

ಚಾಮರಾಜಪೇಟೆಯ ಆ ಮನೆಗೆ ಬಂದವರು ಯಾರೂ ಬಚ್ಚಲುಮನೆ ನೋಡದೆ ಹೋಗುತ್ತಿರಲಿಲ್ಲ. ಮಗ ವೇಣು ತೋರಿಸದೆ ಬಿಡುತ್ತಿರಲಿಲ್ಲ ಎನ್ನುವುದೇ ಸರಿ. ನಾಲ್ಕು ಕಾಲಿನ ಬೀಡುಕಬ್ಬಿಣದ ಟಬ್ಬು, ಗೋಡೆಗೆ ತಾಗದೆ ನಟ್ಟನಡುವೆ ನಿಂತಿತ್ತು. ಬಸವನಗುಡಿಯಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವಿದಾಗ ಅದನ್ನು ಕೊಂಡು ತಂದವಳು ಅವನ ತಾಯಿ ದ್ರೌಪದಮ್ಮ. ತಂದದ್ದು ಸ್ನಾನಕ್ಕಲ್ಲ, ಸೊಪ್ಪು ತೊಳೆಯುವುದಕ್ಕೆ.

ಕೃಷ್ಣರಾಜ ಮಾರುಕಟ್ಟೆಯಲ್ಲಿ ದ್ರೌಪದಮ್ಮನದು ಸೊಪ್ಪಿನ ವ್ಯಾಪಾರ. ದಂಟು, ಮೆಂತ್ಯ, ಸಬ್ಬಸಿಗೆ ಎಲ್ಲವನ್ನೂ ಹಿತ್ತಲಲ್ಲಿ ಆ ಟಬ್ಬಿಗೆ ಸುರಿದು, ಮಣ್ಣು ಬಿಡಿಸಿ, ಬಾಳೆನಾರಿನಲ್ಲಿ ಕಂತೆ ಕಟ್ಟಿ ಒಯ್ಯುತ್ತಿದ್ದಳು. ದೊರೆಗಳು ಮಿಂದ ಟಬ್ಬಿನಲ್ಲಿ ಈಗ ಕೊತ್ತಂಬರಿ ಮೀಯುತ್ತಿದೆ ಎಂದು ಗಂಡ ಧರ್ಮರಾಜು ಬಂದವರೆದುರು ಗೇಲಿ ಮಾಡುತ್ತಿದ್ದ. ಅವಳ ಸ್ನಾನ ಮಾತ್ರ ಮನೆಮಂದಿಯೆಲ್ಲ ಮುಗಿಸಿದ ಮೇಲೆ, ಹಂಡೆಯಲ್ಲಿ ಉಳಿದದ್ದರಲ್ಲಿ. ಎಷ್ಟೋ ಸಲ ಉಳಿದದ್ದು ಬಿಸಿಯಾಗಿಯೂ ಇರುತ್ತಿರಲಿಲ್ಲ.

ಅರವತ್ತು ದಾಟುವ ಹೊತ್ತಿಗೆ ಅವಳ ಬೆರಳುಗಳೆಲ್ಲ ಗಂಟುಗಂಟಾಗಿ ಸೊಟ್ಟಗಾದವು. ಸಂಧಿವಾತ, ತಣ್ಣೀರಿನಿಂದ ಬಂದದ್ದಲ್ಲ ಎಂದರು ಡಾಕ್ಟರು. ಅವಳು ಒಪ್ಪಲಿಲ್ಲ. ಕಾರಣ ಯಾವುದಾದರೇನು, ವ್ಯಾಪಾರ ನಿಂತಿತು. ಕಾಲು ಗಟ್ಟಿಯಾಗಿತ್ತು, ಬಾಯಿ ಇನ್ನೂ ಗಟ್ಟಿಯಾಗಿತ್ತು, ಕೈ ಮಾತ್ರ ನೀರು ತುಂಬಿದ ಚೊಂಬನ್ನು ಎತ್ತಲಾರದು. ಹೀಗಾಗಿ ಸೊಸೆ ವಿನುತಾ ದಿನಾ ಬೆಳಿಗ್ಗೆ ಅವಳ ಮೈಮೇಲೆ ನೀರು ಹುಯ್ಯಬೇಕಾಯಿತು.

ಇದನ್ನು ದ್ರೌಪದಮ್ಮ ಸಹಿಸಲಾರದೆ ಹೋದಳು. ದಲ್ಲಾಳಿಗಳನ್ನೆಲ್ಲ ಬೀದಿಯಲ್ಲಿ ನಿಲ್ಲಿಸಿ ಬೆವರಿಳಿಸಿದ ಹೆಂಗಸು ಸೊಸೆಯ ಮುಂದೆ ಮಣೆಯ ಮೇಲೆ ಮೈಮುದುಡಿ ಕೂರಬೇಕು. ವಿನುತಾ ಕೆಟ್ಟವಳಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಆ ಹುಡುಗಿಯೋ ಮುಖ ಅತ್ತ ತಿರುಗಿಸಿಕೊಂಡು, ಅತ್ತೆಗೆ ನಾಚಿಕೆಯಾಗದಂತೆ ನೀರು ಹುಯ್ಯುತ್ತಿದ್ದಳು. ಅದರಿಂದ ನಾಚಿಕೆ ಇನ್ನೂ ಹೆಚ್ಚುತ್ತಿತ್ತು. ಬಾಗಿಲು ಹಾಕಿಕೊಂಡು ಒಬ್ಬಳೇ ಸ್ನಾನ ಮಾಡಬೇಕು ಎನ್ನುವುದೊಂದು ಬಿಟ್ಟರೆ ಅವಳಿಗೆ ಬೇರೆ ಆಸೆಯೇ ಉಳಿಯಲಿಲ್ಲ.

ಉಪಾಯ ಹೊಳೆದದ್ದು ಹಿತ್ತಲಲ್ಲಿ, ಬರಿದಾಗಿ ಬಿದ್ದಿದ್ದ ಟಬ್ಬನ್ನು ನೋಡುತ್ತ ಕೂತಿದ್ದಾಗ. ಅದನ್ನು ಬಚ್ಚಲುಮನೆಗೆ ಹಾಕಿಸು ಎಂದಾಗ ವೇಣು ತಾಯಿಗೆ ಅರಳುಮರಳೇನೋ ಎಂದುಕೊಂಡ.

"ಸೊಪ್ಪು ಏನು ಚೊಂಬು ಹಿಡ್ಕೊಂಡಾ ಸ್ನಾನ ಮಾಡ್ತಿತ್ತು?" ಎಂದಳು ಅವಳು. "ನೀರೊಳಗೆ ಕೂತ್ಕೊಂಡ್ರೆ ನಂಗೆ ಯಾರೂ ಹುಯ್ಯೋದು ಬೇಡ. ಅಂಗೈಯಲ್ಲಿ ಉಜ್ಜಿಕೊಳ್ಳೋಕಾಗುತ್ತೆ."

ಒಮ್ಮೆ ತಲೆಗೆ ಹೋದ ಮೇಲೆ ವೇಣುವನ್ನು ಹಿಡಿಯುವವರೇ ಇಲ್ಲ. ಟಬ್ಬಿನ ತುಕ್ಕು ಕೆರೆಸಿ, ಒಳಗೆ ಬಿಳಿ ಬಣ್ಣ ಹೊಡೆಸಿದ. ಪ್ಲಂಬರ್ ಮುನೇಶ್ ನೆಲದಡಿ ಪೈಪು ಎಳೆದು ತಣ್ಣೀರಿಗೊಂದು, ಗೀಸರಿನ ನೀರಿಗೊಂದು ಕೊಳವೆ ಎಬ್ಬಿಸಿದ. ನಲ್ಲಿ ಆರಿಸಲು ಮನೆಮಂದಿಯೆಲ್ಲ ಮಾರುಕಟ್ಟೆ ಹಿಂದಿನ ಬೀದಿಯ ಅಂಗಡಿಗೆ ಹೋದರು. ಅಲ್ಲಿ ಒಂದು ಗೋಡೆ ತುಂಬ ನಲ್ಲಿಗಳು. ವೇಣು ಯಾವುದೋ ಮದುವೆಗೆ ಹೋದಾಗ ದೊಡ್ಡ ಹೋಟೆಲಿನಲ್ಲಿ ಕಂಡಿದ್ದ ಚಿನ್ನದ ಬಣ್ಣದ ಜೋಡಿಯನ್ನೇ ಹುಡುಕಿ ಹಿಡಿದ. ಹಂಸದ ಕತ್ತು, ಕಮಲದ ಮೊಗ್ಗಿನಂತೆ ದುಂಡಗಿನ ತಿರುಪು. ತಾಯಿ ಎರಡೂ ಅಂಗೈ ಒತ್ತಿ ತಿರುಗಿಸಿ ನೋಡಿದಳು. ಸರಾಗವಾಗಿ ತಿರುಗಿತು. ಸರಿ, ಇದೇ ಇರಲಿ ಎಂದಳು.

ಮೊದಲ ಸ್ನಾನಕ್ಕೆ ಶುಕ್ರವಾರವನ್ನೇ ಆರಿಸಿದ್ದು ತಪ್ಪೋ, ಒಣಕೈಯಲ್ಲಿ ನಲ್ಲಿ ನೋಡಿ ಬಂದದ್ದು ತಪ್ಪೋ! ಶುಕ್ರವಾರ ಆ ಮನೆಯ ಹೆಂಗಸರಿಗೆ ಎಣ್ಣೆಸ್ನಾನದ ದಿನ. ವಿನುತಾ ತಲೆಗೆ ಎಣ್ಣೆ ಒತ್ತಿ, ಅತ್ತೆಯನ್ನು ಒಳಗೆ ಕಳಿಸಿದಳು. ದ್ರೌಪದಮ್ಮ ಮುಂಗೈಯಿಂದ ಅಗುಳಿ ತಳ್ಳಿ, ಮೈಕೈಗೆ ಎಣ್ಣೆ ತಿಕ್ಕಿಕೊಂಡು ಟಬ್ಬಿನಲ್ಲಿ ಕೂತು ನಲ್ಲಿಗೆ ಕೈ ಹಾಕಿದಳು. ಕಮಲದ ಮೊಗ್ಗು ಜಾರಿತು. ಅಂಗೈ ಒತ್ತಿದಳು, ಜಾರಿತು. ಬಿಚ್ಚಿಟ್ಟ ಸೀರೆಯ ಸೆರಗು ಸುತ್ತಿ ತಿರುಗಿಸಲು ಹೋದಳು, ಸೆರಗು ಮಾತ್ರ ತಿರುಗಿತು. ಬರಿದಾದ ಟಬ್ಬಿನಲ್ಲಿ ಎಣ್ಣೆ ಸುರಿಸಿಕೊಂಡು ಕೂತವಳಿಗೆ ಅಳು ಬಂತು. ಕೊನೆಗೆ ಎದ್ದು ಅಗುಳಿ ತೆಗೆದು ವಿನುತಾಳನ್ನೇ ಕರೆಯಬೇಕಾಯಿತು. ಅವಳು ಎರಡು ಬೆರಳಲ್ಲಿ ನಲ್ಲಿ ತಿರುಗಿಸಿದಳು.

ಆಮೇಲೆ ದ್ರೌಪದಮ್ಮ ಟಬ್ಬಿನ ಸುದ್ದಿ ಎತ್ತಲಿಲ್ಲ. ಮತ್ತೆ ಮಣೆ, ಮತ್ತೆ ಚೊಂಬು. ವೇಣು ನೆಂಟರಿಗೆ ಟಬ್ಬು ತೋರಿಸುವಾಗಲೆಲ್ಲ ಅವಳು ಅಡುಗೆಮನೆ ಸೇರುತ್ತಿದ್ದಳು.

ದೀಪಾವಳಿಗೆ ಮುಂಚೆ ಬೆರಳು ತೋರಿಸಲು ಆಸ್ಪತ್ರೆಗೆ ಹೋದಾಗ, ಡಾಕ್ಟರು ಮೂಲೆಯ ತೊಟ್ಟಿಯಲ್ಲಿ ಕೈ ತೊಳೆಯುವುದು ಕಂಡಿತು. ನಲ್ಲಿಗೆ ಉದ್ದನೆಯ ಹಿಡಿ. ಕೈ ಮುಟ್ಟಿಸದೆ ಮೊಣಕೈಯಿಂದ ತಳ್ಳಿದರು, ನೀರು ಬಂತು. ಮತ್ತೆ ತಳ್ಳಿದರು, ನಿಂತಿತು. ಆ ದಿನ ಅವಳು ಬೆರಳಿನ ವಿಷಯ ಕೇಳುವುದನ್ನೇ ಮರೆತಳು.

ಈ ಸಲ ಅಂಗಡಿಗೆ ಧರ್ಮರಾಜು ಒಬ್ಬನನ್ನೇ ಕರೆದುಕೊಂಡು ಹೋದಳು. ಅವನ ಚೀಲದಲ್ಲಿ ಕೊಬ್ಬರಿ ಎಣ್ಣೆಯ ಸೀಸೆ ಇತ್ತು. ಉದ್ದ ಹಿಡಿಯ ನಲ್ಲಿ ಕೇಳಿದಳು. ಅಂಗಡಿಯವನು ಅದು ಆಪರೇಷನ್ ಮಾಡುವ ಕಡೆ ಹಾಕುವ ನಲ್ಲಿ, ಮನೆಗೆ ಯಾರೂ ಹಾಕಿಸುವುದಿಲ್ಲ ಎಂದು ಹೇಳುತ್ತಿದ್ದಂತೆಯೇ ಅವಳು ಗಂಡನಿಂದ ಎರಡೂ ಕೈಗೆ ಮೊಣಕೈವರೆಗೆ ಎಣ್ಣೆ ಹುಯ್ಯಿಸಿಕೊಂಡಳು. ಗೋಡೆಯ ಮೇಲಿನ ಒಂದೊಂದೇ ನಲ್ಲಿಯನ್ನು ತಿರುಗಿಸುತ್ತ ಬಂದಳು. ಅಂಗಡಿಯವನು ಬಟ್ಟೆ ಹಿಡಿದು ಒರೆಸುತ್ತ ಹಿಂದೆಯೇ ಬಂದ.

"ನಿಮ್ಮಂಗಡೀಲಿ ಎಲ್ರ ಕೈನೂ ಒಣಗಿರುತ್ತಪ್ಪ," ಎಂದಳು ಅವಳು. "ನಮ್ಮನೇಲಿ ಶುಕ್ರವಾರ ಬರುತ್ತೆ."

ಕೊನೆಗೆ ಜಾರದೆ ಉಳಿದದ್ದು ಉದ್ದ ಹಿಡಿಯ ನಲ್ಲಿಯೇ. ಚಿನ್ನದ ನಲ್ಲಿ ಬಿಚ್ಚಿಸಿದಾಗ ವೇಣುವಿನ ಮುಖ ಸಣ್ಣಗಾಯಿತು. ನೋಡಿದವರು ಇದೇನು ಮನೆಯೋ ಆಸ್ಪತ್ರೆಯೋ ಎನ್ನುತ್ತಾರೆ ಎಂದು ಗೊಣಗಿದ. ನಿನ್ನ ನಲ್ಲಿ ಕೈ ತೊಳೆಯುವಲ್ಲಿರಲಿ, ಬಂದವರಿಗೆ ಅದನ್ನೇ ತೋರಿಸು ಎಂದು ತಾಯಿ ಸಮಾಧಾನ ಮಾಡಿದಳು. ಟಬ್ಬಿನ ನೀರು ಬಿಡುವ ಬಿರಡೆಯ ಸರಪಳಿ ಅವಳ ಬೆರಳಿಗೆ ಸಿಗುವಂತಿರಲಿಲ್ಲ. ಧರ್ಮರಾಜು ಅದಕ್ಕೆ ಅಗಲವಾದ ಹಗ್ಗದ ಕುಣಿಕೆ ಕಟ್ಟಿದ. ಕಾಲಲ್ಲಿ ಎಳೆದರೆ ಸಾಕು.

ನೀರು ತುಂಬುವ ಹಬ್ಬ ಬಂತು. ಆ ಸಂಜೆ ಹಂಡೆ ಬೆಳಗಿ, ಹಾಗಲಬಳ್ಳಿ ಸುತ್ತಿ, ಮರುದಿನದ ಅಭ್ಯಂಜನಕ್ಕೆ ನೀರು ತುಂಬಿಡುವುದು ಪದ್ಧತಿ. ಗೀಸರ್ ಬಂದಾಗಲೇ ಹಂಡೆ ಅಟ್ಟ ಸೇರಿತ್ತು. ವಿನುತಾ ಬಳ್ಳಿಯನ್ನು ಟಬ್ಬಿನ ಸುತ್ತಲೇ ಸುತ್ತಿ, ತಳದಲ್ಲಿ ಒಂದು ಬಿಂದಿಗೆ ನೀರು ಹುಯ್ದು ಕುಂಕುಮವಿಟ್ಟಳು. ಬೆಳಿಗ್ಗೆ ಅತ್ತೆಯ ನೆತ್ತಿಗೆ ಎಣ್ಣೆ ಒತ್ತಿ, ಈ ಹಬ್ಬಕ್ಕೆ ಮೊದಲ ಸ್ನಾನ ನಿಮ್ಮದೇ ಎಂದಳು. ಕೊನೆಯ ನೀರಿಗೇ ಒಗ್ಗಿಹೋಗಿದ್ದ ದ್ರೌಪದಮ್ಮ ಬೇಡ ಎನ್ನಲು ಬಾಯಿ ತೆರೆದವಳು ಎದ್ದು ಬಚ್ಚಲುಮನೆಗೆ ನಡೆದಳು.

ಅಗುಳಿ ತಳ್ಳಿದಳು. ಎಣ್ಣೆಮೈಯಲ್ಲಿ ಕೂತು ಮೊಣಕೈಯಿಂದ ಹಿಡಿಯನ್ನು ನೂಕಿದಳು. ಹಬೆಯಾಡುವ ನೀರು ಧೋ ಎಂದು ಬಂತು. ಇನ್ನೊಂದನ್ನು ನೂಕಿ ಹದ ಮಾಡಿಕೊಂಡಳು. ನೀರು ಎದೆಮಟ್ಟಕ್ಕೆ ಏರಿದಾಗ ಎರಡನ್ನೂ ನಿಲ್ಲಿಸಿದಳು. ಬಾಗಿಲ ಸಂದಿಯಲ್ಲಿ ಎರಡು ಕಾಲಿನ ನೆರಳು ಕಾಣುತ್ತಿತ್ತು.

"ವಿನುತಾ, ಅಲ್ಲೇ ನಿಂತಿದೀಯೇನಮ್ಮ?"

"ಹೂಂ ಅತ್ತೆ. ಬರ್ಲಾ?"

"ಬೇಡ, ಹೋಗು. ನಿನ್ ಕೆಲಸ ನೋಡ್ಕೋ."

ನೆರಳು ಸ್ವಲ್ಪ ತಡೆದು ಸರಿಯಿತು. ನೀರು ಸಾಕಷ್ಟಿತ್ತು, ಬಿಸಿಯೂ ಬೇಕಾದಷ್ಟಿತ್ತು. ಆದರೂ ದ್ರೌಪದಮ್ಮ ಮೊಣಕೈ ಎತ್ತಿ ನಲ್ಲಿಯನ್ನು ಇನ್ನೊಮ್ಮೆ ತೆರೆದಳು, ತಾನೇ ಮುಚ್ಚಿದಳು.