ಮೂರು ಸಲ ತಿದ್ದಿದ ಹೆಸರು

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಾನು ನಂಬಿದವನಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವನು ನಾನು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಮ್ಮನೆ ಸಿಕ್ಕಿದ್ದಲ್ಲ ಅದು. ಊರಲ್ಲಿ ಯಾರಿಗಾದರೂ ಗಾಳಿ ಸೋಕಿದೆ ಎಂದರೆ ಮೊದಲು ದವಾಖಾನೆಗೆ ನಡೀರಿ ಎಂದು ಜಗಳಕ್ಕೇ ಬೀಳುತ್ತಿದ್ದೆ. ಈಗಲೂ ಹಾಗೇ ಹೇಳುತ್ತೇನೆ. ಆದರೆ ಒಂದು ಸೋಮವಾರ ನಡೆದದ್ದಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ. ನಿಮಗೇನಾದರೂ ಹೊಳೆದರೆ ಹೇಳಿ, ಕೇಳಲು ಸಿದ್ಧನಿದ್ದೇನೆ.

ನಾನು ಬೀದರಿನ ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನನಗೆ ಎರಡು ಇಮೇಲ್ ಖಾತೆಗಳು, ಒಂದು ಕಚೇರಿಯದು, ಇನ್ನೊಂದು ನನ್ನದು. ಫೋನಿನಲ್ಲಿರುವ ನಂಬರುಗಳನ್ನು ಈ ಎರಡೂ ಖಾತೆಗಳ ಜೊತೆ ಸಿಂಕ್ ಮಾಡಿಟ್ಟಿದ್ದೆ. ಅಂದರೆ ಒಂದು ಕಡೆ ಹೆಸರು ತಿದ್ದಿದರೆ ಉಳಿದೆರಡು ಕಡೆ ತಾನಾಗಿಯೇ ತಿದ್ದಿಕೊಳ್ಳುತ್ತದೆ. ಹೀಗೆ ಮಾಡಿದ್ದರಿಂದಲೇ ಒಂದು ಅವಮಾನವೂ ಆಯಿತು. ನಮ್ಮ ಕಡೆ ದೊಡ್ಡವರ ನಂಬರನ್ನು ಹೆಸರಿನಿಂದ ಉಳಿಸುವುದಿಲ್ಲ. ಹೆಸರು ಹಿಡಿದು ಕರೆದು ರೂಢಿಯೇ ಇಲ್ಲದ ಮೇಲೆ ಬರೆಯುವುದು ಹೇಗೆ? ಊರಿನಿಂದ ಉಳಿಸುತ್ತೇವೆ. ಎಕಂಬಾ ಅತ್ತಿ, ಭಾಲ್ಕಿ ಮಾಮಾ, ಹಲಬರ್ಗಾ ಕಾಕಾ. ಒಂದು ದಿನ ಮೀಟಿಂಗಿನಲ್ಲಿ ಪಾಲಕರ ನಂಬರು ತೋರಿಸಲು ಹೋಗಿ ಈ ಪಟ್ಟಿಯೆಲ್ಲ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿತ್ತು. ಗ್ರಂಥಾಲಯದ ಮೇಡಂ ನಕ್ಕರು.

“ಏನ್ರಿ ಸರ, ನಿಮ್ಮ ಫೋನ್ದಾಗ ಮನಷ್ಯಾರು ಇಲ್ಲೇನು? ಬರೇ ಊರೇ ಅವ. ತಿಕೀಟ ಕೊಡ್ತೀರೇನು?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಚುಚ್ಚುತ್ತಲೇ ಇತ್ತು. ಮುಂದಿನ ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಕೂತು ಎಲ್ಲರ ಹೆಸರನ್ನೂ ಆಧಾರ್ ಕಾರ್ಡಿನಲ್ಲಿರುವ ಹಾಗೆ ತಿದ್ದಿದೆ. ಎರಡೆರಡು ಸಲ ಇದ್ದವನ್ನು ಒಂದು ಮಾಡಿದೆ. ಹಲಬರ್ಗಾ ಕಾಕಾ ಇದ್ದದ್ದು ವಿಠಲ ಮಾಣಿಕರಾವ ಎಂದಾಯಿತು.

ಈ ಕಾಕಾನ ಬಗ್ಗೆ ಎರಡು ಮಾತು ಹೇಳಲೇಬೇಕು. ನನ್ನಪ್ಪ ನಾನು ಸಣ್ಣವನಿದ್ದಾಗಲೇ ಹೋದ. ಓದಿಸಿದ್ದು ಅಪ್ಪನ ತಮ್ಮನಾದ ಈ ಕಾಕಾ. ಬೀದರಿನ ಹಾಸ್ಟೆಲಿಗೆ ರೊಟ್ಟಿ ಗಂಟು ಕಟ್ಟಿಕೊಂಡು ಸೈಕಲ್ ಮೇಲೆ ಬರುತ್ತಿದ್ದ. ತನಗೆ ಓದಲು ಬಾರದು. ನನ್ನ ಡಿಗ್ರಿಯ ಅಂಕಪಟ್ಟಿಯನ್ನು ಗಟ್ಟಿಯಾಗಿ ಓದಿಸಿ, “ಇನ್ನೊಮ್ಮಿ ಓದು, ಸಾವಕಾಶ ಓದು” ಎಂದು ಮೂರು ಸಲ ಕೇಳಿದ್ದ. ಈಗ ವರ್ಷದಿಂದ ಅವನಿಗೆ ಮರೆವು. ಉಂಡದ್ದು ನೆನಪಿರುವುದಿಲ್ಲ, ಮನೆಯಲ್ಲಿ ಕೂತೇ ಮನೆಗೆ ಹೋಗೋಣ ನಡಿ ಎನ್ನುತ್ತಾನೆ.

ಸೋಮವಾರ ಬೆಳಿಗ್ಗೆ ಕಚೇರಿಗೆ ಬಂದು ಕಂಪ್ಯೂಟರಿನಲ್ಲಿ ಪಟ್ಟಿ ತೆರೆದೆ. ಎಲ್ಲ ಹೆಸರು ಸರಿಯಾಗಿದ್ದವು, ಒಂದನ್ನು ಬಿಟ್ಟು. ಕಾಕಾನ ನಂಬರಿನ ಮುಂದೆ ‘ಅಷ್ಟೂರ ಕಾಕಾ’ ಎಂದಿತ್ತು. ಹಲಬರ್ಗಾ ಎಂದಿದ್ದರೆ ಹಳೆಯ ಹೆಸರು ತಿರುಗಿ ಬಂದಿದೆ ಎಂದುಕೊಳ್ಳುತ್ತಿದ್ದೆ. ಅಷ್ಟೂರ ಎಲ್ಲಿಂದ ಬಂತು? ಬೀದರಿನ ಆಚೆ ಸುಲ್ತಾನರ ಗುಮ್ಮಟಗಳಿರುವ ಊರು ಅದು. ಅಲ್ಲಿ ನಮಗೆ ಬೀಗರಿಲ್ಲ, ಗುರುತಿನವರಿಲ್ಲ. ಬೆರಳು ಎಲ್ಲೋ ತಪ್ಪಿರಬೇಕೆಂದು ತಿದ್ದಿದೆ. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ನೋಡಿದರೆ ಮತ್ತೆ ಅಷ್ಟೂರ ಕಾಕಾ. ಸಿಟ್ಟು ಬಂತು. ಫೋನಿನಲ್ಲೂ ತಿದ್ದಿದೆ. ಹನ್ನೊಂದರ ಚಹಾದ ಹೊತ್ತಿಗೆ ಮತ್ತೆ ಅದೇ ಹೆಸರು. ಮೂರನೆಯ ಸಲ ತಿದ್ದಿದೆ. ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಹಲಬರ್ಗಾಕ್ಕೆ ಒಂದು ಫೋನು ಮಾಡೋಣವೇ ಎನಿಸಿತು. ಮಾಡಲಿಲ್ಲ. ಸಿಂಕ್ ಕೆಟ್ಟರೆ ಮನೆಗೆ ಫೋನು ಮಾಡುವವನು ಎಂಥ ಪದವೀಧರ ಎಂದು ನನ್ನಷ್ಟಕ್ಕೆ ನಾನೇ ನಕ್ಕೆ.

ಹನ್ನೆರಡಕ್ಕೆ ಕಾಕಾನ ಮಗ ಸಿದ್ದುವಿನ ಫೋನು ಬಂತು.

“ಅಣ್ಣಾ, ಅಪ್ಪ ನಿಮ್ಮ ಕಡಿ ಬಂದಾನೇನು?”

“ಇಲ್ಲಲ್ಲೋ. ಯಾಕ?”

“ಎಂಟೂವರಿಗಿ ಚಾ ಕುಡದು ಹೊರಗ ಹೋದಾಂವ ಇನ್ನಾ ಬಂದಿಲ್ಲ. ಫೋನ್ ಮನ್ಯಾಗೇ ಬಿಟ್ಟಾನ. ಓಣಿ ಎಲ್ಲಾ ಹುಡಕೀವಿ.”

ಮೇ ತಿಂಗಳು. ನಮ್ಮ ಬಿಸಿಲು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ಹನ್ನೆರಡರ ಮೇಲೆ ನಾಯಿಯೂ ನೆರಳು ಬಿಟ್ಟು ಕದಲುವುದಿಲ್ಲ. ಎಪ್ಪತ್ತು ದಾಟಿದ ಮುದುಕ, ನೀರು ಕೇಳಬೇಕೆಂಬುದೂ ಅವನಿಗೆ ನೆನಪಾಗದು. ಸಿದ್ದು ಭಾಲ್ಕಿಯ ಬಸ್ ನಿಲ್ದಾಣಕ್ಕೆ ಓಡಿದ. ಎಕಂಬಾದ ಅತ್ತಿ ಔರಾದಿನ ತನಕ ಜನರನ್ನು ಕಳಿಸಿದಳು. ನಾನು ಬೀದರಿನಲ್ಲಿ ನಿಲ್ದಾಣ, ರೈಲ್ವೆ ಸ್ಟೇಷನ್, ನನ್ನ ಹಳೆಯ ಹಾಸ್ಟೆಲು, ಎಲ್ಲ ಸುತ್ತಿದೆ. ಎಲ್ಲೂ ಇಲ್ಲ. ಮೂರು ಗಂಟೆಯಾಯಿತು. ನಿಲ್ದಾಣದ ಮುಂದೆ ಒಬ್ಬ ಆಟೋದವನಿಗೆ ತೋರಿಸಲು ಫೋನಿನ ಪಟ್ಟಿಯಲ್ಲಿ ಕಾಕಾನ ಫೋಟೋ ತೆರೆದೆ. ಅವನು ಫೋಟೋ ನೋಡಿದ, ಕೆಳಗಿನ ಹೆಸರನ್ನೂ ಓದಿದ.

“ಅಷ್ಟೂರ ಕಾಕಾ ಅಂತ ಬರದೀರಲ್ರಿ. ಅಷ್ಟೂರದಾಗ ನೋಡೀರೇನು?”

“ಅದು ತಪ್ಪು ಬಿದ್ದದ್ರಿ. ಅವ್ರದು ಹಲಬರ್ಗಾ.”

“ಫೋನ್ ನಿಮ್ದೇ ಅಲ್ರಿ? ಬರದವ್ರು ನೀವೇ ಅಲ್ಲೇನು? ನಡೀರಿ, ಕುಂಡರ್ರಿ. ಇಲ್ಲಂದ್ರ ತಿರಗಿ ಬಂದರಾಯ್ತು.”

ನಾನು ಹತ್ತಿ ಕೂತೆ.

ಗುಮ್ಮಟಗಳ ಸಾಲು ದಾಟಿ, ಕಟ್ಟಕಡೆಯದರ ಹಿಂದೆ, ಬೇವಿನ ಮರದ ಬುಡದಲ್ಲಿ ಕಾಕಾ ಕೂತಿದ್ದ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಪಾದಗಳು ಬೊಬ್ಬೆ ಎದ್ದು ಒಡೆದಿದ್ದವು. ತುಟಿ ಬಿಳಿಚಿಕೊಂಡಿತ್ತು. ಪಕ್ಕದಲ್ಲಿ ಆಡು ಕಾಯುವ ಒಬ್ಬ ಸಾಬರು ತಮ್ಮ ಬಾಟಲಿಯಿಂದ ಅಂಗೈಗೆ ನೀರು ಸುರಿದುಕೊಂಡು ಅವನ ಮುಖಕ್ಕೆ ಹಚ್ಚುತ್ತಿದ್ದರು.

“ನಿಮ್ಮವ್ರೇನ್ರಿ? ಈಗಷ್ಟೇ ನೋಡಿದೆ ನಾ. ಇನ್ನ ಜರಾ ಹೊತ್ತಾಗಿದ್ರ ಮುಷ್ಕಿಲ್ ಇತ್ರಿ” ಎಂದರು.

ಕಾಕಾ ಕಣ್ಣು ತೆರೆದು ನನ್ನನ್ನು ನೋಡಿದ. ಅವನಿಗೆ ನನ್ನ ಗುರುತು ಸಿಕ್ಕಿತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

“ಇದು ಯಾವ ಊರೋ ತಮ್ಮಾ?” ಎಂದು ಕೇಳಿದ.

ದವಾಖಾನೆಯಲ್ಲಿ ಮೂರು ದಿನ ಸಲೈನ್ ಹಾಕಿದರು. ಬದುಕಿಕೊಂಡ. ಹೇಗೆ ಬಂದ, ಯಾಕೆ ಬಂದ ಎಂಬುದು ಯಾರಿಗೂ ತಿಳಿಯಲಿಲ್ಲ. ಕಾಕಾನ ಹೆಂಡತಿ ಕಾಕುವನ್ನು ಬಿಡಿಸಿ ಬಿಡಿಸಿ ಕೇಳಿದೆ. “ಮದ್ವಿ ಆದಾಗಿಂದ ಒಂದ ದಿನಾನೂ ಆ ಊರ ಹೆಸರ ತೆಗದಿಲ್ಲೋ ಅಂವ” ಎಂದಳು.

ಆಮೇಲೆ ನಮ್ಮ ಕಾಲೇಜಿನ ಕಂಪ್ಯೂಟರ್ ಮೇಷ್ಟ್ರ ಹತ್ತಿರ ಹೋದೆ. ಅವರು ಎರಡೂ ಖಾತೆ ತೆರೆದು ಸಾವಧಾನವಾಗಿ ನೋಡಿದರು. ಎಲ್ಲೋ ಒಂದು ಹಳೆಯ ಪ್ರತಿ ಉಳಿದಿದ್ದರೆ ಅದು ಹೊಸದರ ಮೇಲೆ ಬಂದು ಕೂರುತ್ತದೆ, ಸಿಂಕ್‌ನಲ್ಲಿ ಇದು ಸಾಮಾನ್ಯ ಎಂದರು. ಸರಿ, ಆ ಹಳೆಯ ಪ್ರತಿ ಎಲ್ಲಿದೆ ತೋರಿಸಿ ಎಂದೆ. ಹುಡುಕಿದರು, ಸಿಗಲಿಲ್ಲ. ಸಿಕ್ಕಿದ್ದು ಇಷ್ಟು: ಅಷ್ಟೂರ ಎಂಬ ಬದಲಾವಣೆ ಮೊದಲ ಸಲ ಆದದ್ದು ಸೋಮವಾರ ಬೆಳಿಗ್ಗೆ ಏಳು ಗಂಟೆಯ ಸುಮಾರಿಗೆ, ನನ್ನದೇ ಖಾತೆಯಿಂದ, ನನ್ನದೇ ಫೋನಿನಿಂದ. ಆಗ ಫೋನು ಚಾರ್ಜಿಗೆ ಹಚ್ಚಿ ನಾನು ಸ್ನಾನಕ್ಕೆ ಹೋಗಿದ್ದೆ. ಕಾಕಾ ಇನ್ನೂ ಹಲಬರ್ಗಾದ ಮನೆಯಲ್ಲೇ ಇದ್ದ. ಚಹಾ ಕೂಡ ಕುಡಿದಿರಲಿಲ್ಲ.

“ಸರ, ನಿಮ್ಮ ಕೈಲೇ ಆಗಿರಬೇಕ್ರಿ. ನೆನಪಿಲ್ಲ ನಿಮಗ” ಎಂದರು ಮೇಷ್ಟ್ರು.

ಇದ್ದರೂ ಇರಬಹುದು. ಅದನ್ನು ಒಪ್ಪಲು ನಾನು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಒಪ್ಪಿದರೆ ಇನ್ನೊಂದು ಪ್ರಶ್ನೆ ಏಳುತ್ತದೆ: ನಾನೇ ಬರೆದಿದ್ದರೆ, ನನಗೆ ಹೇಗೆ ಗೊತ್ತಿತ್ತು? ಅಲ್ಲಿಗೆ ನನ್ನ ಓದು ನಿಲ್ಲುತ್ತದೆ.

ಯಾರು ಬರೆದರು ಎಂಬುದನ್ನು ಬೇಕಾದರೆ ಬಿಟ್ಟುಬಿಡಬಹುದು. ನನಗೆ ನಿದ್ದೆ ಕೊಡದಿರುವುದು ಬೇರೆ. ಆ ಹೆಸರು ನನ್ನ ಕಣ್ಣ ಮುಂದೆ ಬೆಳಗಿನಿಂದ ಮೂರು ಸಲ ಬಂದಿತ್ತು, ಮೂರು ಸಲವೂ ನಾನೇ ಅಳಿಸಿದೆ. ಅಳಿಸದೆ ಒಂದು ಫೋನು ಮಾಡಿದ್ದರೆ ಆ ಕಾಲು ಅಷ್ಟು ಬೇಯುತ್ತಿರಲಿಲ್ಲ. ಕಾಕಾ ಈಗ ಗೋಡೆ ಹಿಡಿದು ನಡೆಯುತ್ತಾನೆ.

ದವಾಖಾನೆಯಿಂದ ಅವನನ್ನು ಮನೆಗೆ ಕರೆದೊಯ್ದ ದಿನ ಪಟ್ಟಿ ತೆರೆದು ನೋಡಿದೆ. ವಿಠಲ ಮಾಣಿಕರಾವ ಎಂದಿತ್ತು. ನಾನು ಮುಟ್ಟಿರಲಿಲ್ಲ. ಅಂದಿನಿಂದ ಅದು ಕದಲಿಲ್ಲ, ಆದರೆ ನಾನು ದಿನಕ್ಕೆ ಹತ್ತು ಸಲ ತೆರೆದು ನೋಡುತ್ತೇನೆ. ನೋಡಿ ಹಲಬರ್ಗಾಕ್ಕೆ ಫೋನು ಮಾಡುತ್ತೇನೆ. ನಿನ್ನೆ ಕಾಕು ಬೈದೇಬಿಟ್ಟಳು.

“ಮುಂಜಾನಿಂದ ಇದು ನಾಕನೇದು. ಏನಾಗ್ಯಾದೋ ನಿನಗ? ಇಲ್ಲೇ ಹೊಸ್ತಿಲದಾಗ ಕುಂತಾನ ನಿಮ್ಮ ಕಾಕಾ. ಎಲ್ಲಿ ಹೋಗ್ತಾನ?”

“ಏನಿಲ್ಲ ಕಾಕು,” ಎಂದೆ, “ಬಾಗಲಾ ಹಾಕ್ಕೋರಿ.”