ರಂಗೂನಿನ ತಾಯಮ್ಮ ನನ್ನ ಮಗುವನ್ನು ಎತ್ತಿಕೊಂಡು ಹೋದ ದಿನ

ಹಿತ್ತಲಲ್ಲಿ ಬಟ್ಟೆ ಹರವಿ ಒಳಗೆ ಬಂದರೆ ತೊಟ್ಟಿಲು ಖಾಲಿ.

ನನ್ನ ಮಗಳು ಗೌರಿಗೆ ಆಗ ಐದು ತಿಂಗಳು. ಬೀದಿ ಬಾಗಿಲು ಹಾರು ಹೊಡೆದಿತ್ತು. ಪಕ್ಕದ ಮನೆಯೊಳಗಿಂದ ಅವಳ ಅಳು ಕೇಳಿಸುತ್ತಿದೆ... ಆ ಬಾಗಿಲಿಗೆ ಒಳಗಿನಿಂದ ಅಗುಳಿ.

ಇದು ಯುದ್ಧದ ಕಾಲದ ಹೊಳೆನರಸೀಪುರ. ನನಗೆ ಹದಿನೇಳು. ಈಗ ತೊಂಬತ್ತು ಯಾವಾಗಲೋ ದಾಟಿದೆ, ನಾನು ಹೇಳಿದ್ದನ್ನು ಮೊಮ್ಮಗಳು ಮೊಬೈಲಿನಲ್ಲಿ ಟೈಪ್ ಮಾಡುತ್ತಿದ್ದಾಳೆ.

ಪಕ್ಕದ ಮನೆಯವಳು ತಾಯಮ್ಮ. ಹುಟ್ಟಿ ಬೆಳೆದದ್ದು ರಂಗೂನಿನಲ್ಲಿ, ಮನೆಮಾತು ತಮಿಳು. ಅಲ್ಲಿ ಬಾಂಬು ಬಿದ್ದಾಗ ಗಂಡನ ಜೊತೆ ಕಾಡುದಾರಿಯಲ್ಲಿ ನಡೆದು ಬಂದಿದ್ದಳು. ಗಂಡ ಮುತ್ತಯ್ಯನಿಗೆ ನಮ್ಮೂರ ಅಕ್ಕಿ ಮಿಲ್ಲಿನಲ್ಲಿ ಫಿಟ್ಟರ್ ಕೆಲಸ.

ಬಂದ ಹೊಸದರಲ್ಲಿ ನಗುತ್ತಿದ್ದಳು. ವರ್ಷ ತುಂಬುವಷ್ಟರಲ್ಲಿ ಕಿಟಕಿಗಳಿಗೆ ಗೋಣಿ ಕಟ್ಟಿದ್ದಳು. ಗಂಡ ಸೇದಿ ತಂದ ನೀರನ್ನೂ ಅನುಮಾನಿಸುತ್ತಿದ್ದಳು.

ನಾನು ಬಾಗಿಲು ಬಡಿದೆ. "ತಾಯಮ್ಮಕ್ಕಾ, ಮಗು ಕೊಡಿ."

ಒಳಗಿಂದ ಒಂದೇ ಮಾತು. "ಪ್ಲೇನ್ ವರುದು... ಪ್ಲೇನ್ ವರುದು." ವಿಮಾನ ಬರುತ್ತಿದೆ ಅಂತ. ಆಕಾಶದಲ್ಲಿ ಒಂದು ಹದ್ದೂ ಇರಲಿಲ್ಲ.

ಅಷ್ಟರಲ್ಲಿ ಗೌರಿಯ ಅಳು ನಿಂತುಹೋಯಿತು.



ಅತ್ತೆ ಬೀದಿಗೆ ಬಂದು, "ಅವ್ಳಿಗೆ ಗಾಳಿ ಮೆಟ್ಕಂಡದೆ ಕಣೇ, ಬಾಗ್ಲು ಒಡೀರಿ" ಅಂದರು. ಮಿಲ್ಲಿನಿಂದ ಓಡಿಬಂದ ಮುತ್ತಯ್ಯ ತಮಿಳಿನಲ್ಲಿ ಕರೆದ. ಗಂಡನ ದನಿಯನ್ನೂ ಅವಳು ನಂಬಲಿಲ್ಲ.

ಯಾರೋ ಹಾರೆ ತಂದು ಬಾಗಿಲು ಮೀಟತೊಡಗಿದರು. ಆ ಸದ್ದಿಗೆ ಅವಳು ಚೀರಿದ್ದು... ಬಾಗಿಲು ಒಡೆದರೆ ಮಗುವನ್ನು ಏನು ಮಾಡಿಬಿಡುತ್ತಾಳೋ ಎಂದು ನಾನು ಎಲ್ಲರನ್ನೂ ದೂರ ಕಳಿಸಿದೆ.

ಹೊಸ್ತಿಲ ಹತ್ತಿರ ಕುಕ್ಕರಿಸಿ ಹೇಳಿದೆ. "ಅಕ್ಕಾ, ನಂಗೂ ಎದ್ರಿಕೆ ಆಯ್ತದೆ. ನನ್ನೂ ಒಳೀಕೆ ಕರ್ಕಳಿ."

ನಾನು ಆಡಿದ್ದು ಸುಳ್ಳಲ್ಲ.

ಅಗುಳಿ ಸರಿಯಿತು. ನನ್ನ ಮುಂಗೈ ಹಿಡಿದು ಒಳಗೆಳೆದುಕೊಂಡು ಮತ್ತೆ ಅಗುಳಿ ಹಾಕಿದಳು.

ಮಂಚದ ಕೆಳಗೆ, ತಾಯಮ್ಮನ ರೇಷ್ಮೆ ಸೀರೆಯೊಳಗೆ ಗೌರಿ ನಿದ್ದೆ ಹೋಗಿದ್ದಳು. ಉಸಿರಾಡುತ್ತಿದ್ದಳು.

ತಾಯಮ್ಮ ನನ್ನನ್ನೂ ಅಲ್ಲಿಗೇ ತಳ್ಳಿ, ನಮ್ಮಿಬ್ಬರ ಮೇಲೆ ಅಡ್ಡವಾಗಿ ಕವುಚಿಕೊಂಡಳು. ಬಾಂಬು ಬಿದ್ದರೆ ತನ್ನ ಬೆನ್ನಿಗೇ ಬೀಳಲಿ ಅಂತ. ಅವಳ ಎದೆ ಬಡಿಯುವುದು ನನ್ನ ಬೆನ್ನಿಗೆ ತಿಳಿಯುತ್ತಿದೆ...

ಎಷ್ಟೋ ಹೊತ್ತಿನ ಮೇಲೆ ಅವಳ ಕೈ ಸಡಿಲಾಯಿತು. ಮಗುವನ್ನು ಎತ್ತಿಕೊಂಡು ಹೊರಗೆ ಬಂದೆ.

ಆ ವಾರವೇ ಮುತ್ತಯ್ಯ ಅವಳನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೊರಟ. ಅವರಿಬ್ಬರೂ ಮತ್ತೆ ನಮ್ಮೂರಿಗೆ ಬರಲಿಲ್ಲ.

ಹೊರಡುವಾಗ ನನ್ನ ಬಳಿ ನಿಂತು ಹೇಳಿದ. "ಕಾಡಲ್ಲಿ ನಡೆಯೋವಾಗ ಚೆನ್ನಾಗೇ ಇದ್ದಳಮ್ಮಾ. ಇಲ್ಲಿ ಬಂದ ಮೇಲೇ ಹಿಂಗಾಗಿದ್ದು. ಬೀದಿ ಜನ ಎಲ್ಲಾ ತನ್ನ ಬಗ್ಗೆನೇ ಮಾತಾಡ್ತಾರೆ ಅಂತಾಳೆ."

ನನಗೆ ತಲೆ ಎತ್ತಲಾಗಲಿಲ್ಲ. ಬಾವಿಕಟ್ಟೆಯಲ್ಲಿ ನಾವು ಆಡಿಕೊಳ್ಳುತ್ತಿದ್ದದ್ದು ಅವಳನ್ನೇ... ಬರ್ಮಾದ ಹೆಂಗಸರಂತೆ ಅವಳು ಉಡುತ್ತಿದ್ದ ಲುಂಗಿ, ಅವಳ ಮೀನಿನ ವಾಸನೆ, ಅವಳ ಕನ್ನಡ. ಅವಳು ಕೊಡ ಹಿಡಿದು ಬಂದೊಡನೆ ನಗು ನುಂಗಿ ಸುಮ್ಮನಾಗುತ್ತಿದ್ದೆವು.

ಕಾಯಿಲೆ ಯಾಕೆ ಬಂತೋ ದೇವರಿಗೇ ಗೊತ್ತು, ಆದರೆ ಆ ಒಂದು ವರ್ಷದಲ್ಲಿ ನಮ್ಮಲ್ಲಿ ಒಬ್ಬಳಾದರೂ ಅವಳನ್ನು ಕರೆದು ಜಗುಲಿಯ ಮೇಲೆ ಕೂರಿಸಿಕೊಂಡು ಮಾತಾಡಿಸಿದ್ದರೆ?